ಬೋಲ್ಟು ಸಾಕು ಅಂದಿದ್ದ ಗುರುಜಿ

ಗುರುಜಿಗೆ ಇಂಗ್ಲಿಷಿನ ‘ಜಾಯಿನ್’ ಅನ್ನುವ ಶಬ್ದದ ಮೇಲೆ ಸಿಟ್ಟಿತ್ತು. ಪಾಪ, ಶಬ್ದದ್ದೇನೂ ತಪ್ಪಿರಲಿಲ್ಲ. ಅದನ್ನು ಆಡುವವರ ಮೈಗಳ್ಳತನದ ಮೇಲೆ ಸಿಟ್ಟು. ಅಂಗಿಗೆ ಗುಂಡಿ ಹಚ್ಚಿದರೂ ಜಾಯಿನ್, ಹರಿದ ಹಾಳೆ ಅಂಟಿಸಿದರೂ ಜಾಯಿನ್, ಟ್ರ್ಯಾಕ್ಟರಿಗೆ ಟ್ರಾಲಿ ಸಿಗಿಸಿದರೂ ಜಾಯಿನ್, ಜಗಳಾಡಿದ ಗಂಡ ಹೆಂಡತಿ ಮತ್ತೆ ಮನೆ ಹೂಡಿದರೂ ಜಾಯಿನ್. “ಖಾನಾವಳಿ ಸಾರು ಆಗ್ಯದ್ರಿ ಈ ಶಬ್ದ. ಅನ್ನಕ್ಕೂ ಅದೇ, ರೊಟ್ಟಿಗೂ ಅದೇ, ಮೈಯಾಗ ಆರಾಮಿಲ್ಲದಂವಗೂ ಅದೇ” ಅನ್ನುತ್ತಿದ್ದರು.

ಅವರು ಔರಾದಿನವರು. ಭಾಲ್ಕಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಮಕ್ಕಳ ಕಾಲೇಜಿನ ಸಲುವಾಗಿ ಬೀದರಿನಲ್ಲಿ ಬಾಡಿಗೆ ಮನೆ ಮಾಡಿದ್ದರು. ದಿನಾ ಬಸ್ಸಿಗೆ ಹೋಗಿ ಬರುವುದು. ಭಾಲ್ಕಿ ರೋಡಿನಲ್ಲಿ ಅವರು ಬಸ್ ಹತ್ತಿ ಇಳಿಯುವ ಜಾಗದ ಎದುರಿಗೇ ನನ್ನ ತಗಡಿನ ಶೆಡ್ಡು. ನಾನು ಟ್ರ್ಯಾಕ್ಟರ್ ಟ್ರಾಲಿ ಮಾಡುವ ಮಿಸ್ತ್ರಿ. ಹುಟ್ಟಿದ್ದು ಭಾತಂಬ್ರಾ. ಏಳನೇತ್ತಾ ಅರ್ಧಕ್ಕೆ ಸಾಲಿ ಬಿಟ್ಟು ಕೈಯಲ್ಲಿ ಬೆಸುಗೆಯ ಬೆಂಕಿ ಹಿಡಿದವನು. ಯಾರ ಹಂಗಿನಲ್ಲೂ ಬೆಳೆದವನಲ್ಲ. ನನ್ನ ಬೆಸುಗೆ ಬಿಟ್ಟಿತು ಅಂತ ಒಂದೂ ಟ್ರಾಲಿ ವಾಪಸ್ ಬಂದದ್ದಿಲ್ಲ. ಈ ಮಾತನ್ನು ನಾನು ಬಂದ ಗಿರಾಕಿಗೆಲ್ಲ ಎದೆ ತಟ್ಟಿ ಹೇಳುತ್ತಿದ್ದೆ. ಈಗ ಹೇಳಲು ಹೋದರೆ ನಾಲಿಗೆ ತಡವರಿಸುತ್ತದೆ.

ಮೊದಲ ಸಲ ಅವರು ಶೆಡ್ಡಿಗೆ ಬಂದದ್ದು ಒಂದು ಸಂಜೆ. ಬಗಲಲ್ಲಿ ಬಟ್ಟೆಯ ಚೀಲ, ಕಾಲರಿನ ಒಳಗೆ ಕರವಸ್ತ್ರ.

“ಮಿಸ್ತ್ರಿ ಅವರ, ನಿಮ್ಮ ಕಡಿ ಬಿಟ್ಟುಹೋದ ಬೆಸಿಗಿ ಒಂದು ಸಿಗ್ತದೇನ್ರಿ?”

ನನ್ನ ತಲೆ ಕೆಟ್ಟಿತು. “ಬಿಟ್ಟುಹೋದದ್ದು ಬೇಕಂದ್ರ ಮುಂದಿನ ಅಂಗಡಿಗೆ ಹೋಗ್ರಿ. ಇಲ್ಲಿ ಆ ಮಾಲು ಸಿಗೂದಿಲ್ಲ.”

ಅವರು ಹಲ್ಲು ಕಾಣುವಂತೆ ನಕ್ಕರು. “ಸಿಟ್ಟಾಗಬ್ಯಾಡ್ರಿ. ನಾ ಮಾಸ್ತರ. ಹುಡುಗರಿಗೆ ತೋರ್ಸಾಕ ಬೇಕಾಗ್ಯದ. ಹಂಗಾದ್ರ ಬಿಡಲಾರದ್ದೇ ಒಂದು ಕೊಡ್ರಿ.”

ಎರಡು ಪಟ್ಟಿ ಸೇರಿಸಿ ಬೆಸೆದ ಒಂದು ತುಂಡು ಕೊಟ್ಟೆ. ಅದರ ಮೇಲೆ ಅವರು ಹೆಬ್ಬೆಟ್ಟಿನ ಉಗುರು ಎಳೆದರು, ನಮ್ಮವ್ವ ಕುಂಬಳಕಾಯಿ ಬಲಿತದೋ ಇಲ್ಲೋ ಅಂತ ಉಗುರು ಹಾಕಿ ನೋಡುತ್ತಿದ್ದಳಲ್ಲ, ಹಾಗೆ. ಚೀಲಕ್ಕೆ ಹಾಕಿಕೊಂಡರು. ಮುಂದೆ ನೋಡಿದರೆ ಆ ಚೀಲದೊಳಗೆ ಏನಿತ್ತು, ಏನಿರಲಿಲ್ಲ! ಬಕೆಟ್ಟಿನ ಹಿಡಿಕೆಯ ರಿವೆಟ್ಟು, ಬಾಗಿಲಿನ ಬಿಜಾಗರಿ, ಹಳೆಯ ರೇಡಿಯೋದ ಸಾಲ್ಡರ್ ಹಾಕಿದ ತಂತಿ, ಪ್ಯಾಂಟಿನ ಜಿಪ್ಪು, ಕೊಂಡಿ, ಸರಪಳಿ. ಎಲ್ಲವನ್ನೂ ಒಂದು ಹಲಗೆಗೆ ಸಾಲಾಗಿ ಬಡಿದು, ಒಂದೊಂದರ ಕೆಳಗೆ ಇಂಗ್ಲಿಷಿನಲ್ಲಿ ಅದರದರ ಹೆಸರು ಬರೆದಿದ್ದರು.

ಹಲಗೆ ತಯಾರಾದ ಮೇಲೆ ಮೊದಲು ನನಗೇ ತಂದು ತೋರಿಸಿದರು. “ಓದ್ರಿ ನೋಡೋಣು.”

“ಕನ್ನಡಕ ಮನ್ಯಾಗ ಬಿಟ್ಟೀನ್ರಿ” ಅಂದೆ. ಆಗ ನನಗೆ ಕನ್ನಡಕವೇ ಇರಲಿಲ್ಲ.

ಅವರಿಗೆ ತಿಳಿಯಿತು. ತಿಳಿದದ್ದನ್ನು ಮುಖದ ಮೇಲೆ ತರಲಿಲ್ಲ. “ಇದಕ್ಕ ಕಣ್ಣು ಯಾಕ ಬೇಕ್ರಿ, ಕೈ ಸಾಕು. ಕೈ ಮುಂದ ಮಾಡ್ರಿ” ಅಂದು ನನ್ನ ಅಂಗೈಯಲ್ಲಿ ಒಂದು ನಟ್ಟು ಬೋಲ್ಟು ಇಟ್ಟರು. “ಬಿಗಿ ಮಾಡ್ರಿ. ಈಗ ಬಿಚ್ಚ್ರಿ. ಮತ್ತ ಬಿಗಿ ಮಾಡ್ರಿ. ಇದಕ್ಕ ಅವರು ಫಾಸನ್ ಅಂತಾರ, ಬರಿಯೂದು ಫಾಸ್ಟನ್ ಅಂತ. ಬಿಗಿ ಮಾಡೂದು, ಆದ್ರ ಬಿಚ್ಚೋ ಹಕ್ಕು ಕೈಯಾಗೇ ಇಟ್ಕೊಂಡು.”

ಅಲ್ಲಿಂದ ಶುರುವಾಯಿತು. ಬಸ್ಸಿಳಿದು ಬಂದವರು ಶೆಡ್ಡಿನಲ್ಲಿ ಕೂತು ಬಶಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುವರು, ಕುಡಿದು ಮುಗಿಯುವುದರೊಳಗೆ ಒಂದು ಶಬ್ದ ಕೊಟ್ಟು ಹೋಗುವರು. ನಾನು ಕಲಿಯುತ್ತಿದ್ದೇನೆ ಅಂತ ನಾನೂ ಅನ್ನಲಿಲ್ಲ, ಕಲಿಸುತ್ತಿದ್ದೇನೆ ಅಂತ ಅವರೂ ಅನ್ನಲಿಲ್ಲ. ತಲೆ ನೆರೆತವನು ಮಾಸ್ತರ ಮುಂದೆ ಕೈಕಟ್ಟಿ ಕೂತಿದ್ದಾನೆ ಅಂತ ಓಣಿಯವರು ನಗುತ್ತಾರೆಂಬ ಅಂಜಿಕೆ ನನಗೆ. ಗಿರಾಕಿ ಬಂದರೆ ಸಾಕು, ನಾನು ಸುತ್ತಿಗೆ ಎತ್ತಿಕೊಂಡು ಸುಮ್ಮಸುಮ್ಮನೆ ಬಡಿಯುತ್ತಿದ್ದೆ. ಅವರೂ ಸೂಕ್ಷ್ಮ ತಿಳಿದು “ಮತ್ತ ಮಳಿ ಹ್ಯಾಂಗದ್ರಿ ಈ ಸಲ?” ಅನ್ನುವರು.

ಅವರು ಶಬ್ದ ಬಿಡಿಸುವ ರೀತಿ ನೋಡಬೇಕಿತ್ತು. “ಸಾಲ್ಡರ್ ಅಂದ್ರ, ಈ ಎರಡೂ ಕರಗೂದಿಲ್ಲ. ನಡಕ ಮೂರನೇದ್ದು ಬಂದು ಕರಗಿ ಕೂಡಸ್ತದ. ನಮ್ಮ ಲಗ್ನದ ದಲ್ಲಾಳಿ ಇದ್ದಂಗ. ವೆಲ್ಡ್ ಹಂಗಲ್ಲ. ಎರಡೂ ಕರಗಬೇಕು. ಕರಗಿದ ಮ್ಯಾಲ ಇದ್ಯಾವುದು ಅದ್ಯಾವುದು ಅಂತ ಕೇಳಬಾರ್ದು.”

ಇನ್ನೊಂದು ದಿನ ಅಟ್ಯಾಚ್. “ಟ್ರಾಲಿ ಟ್ರ್ಯಾಕ್ಟರಿಗೆ ಅಟ್ಯಾಚ್ ಆಗ್ತದ. ಟ್ರ್ಯಾಕ್ಟರ್ ಟ್ರಾಲಿಗೆ ಆಗೂದಿಲ್ಲ.”

ನನಗೆ ನನ್ನ ಮಾಲಿನ ಅಭಿಮಾನ. “ಯಾಕ್ರಿ? ಕಬ್ಬು ತುಂಬಿದ್ರ ನನ್ನ ಟ್ರಾಲಿ ಟ್ರ್ಯಾಕ್ಟರಿಗಿಂತ ತೂಕ ಇರ್ತದ.”

“ತೂಕದ ಮಾತಲ್ರಿ ಮಿಸ್ತ್ರಿ. ಯಾರು ಎಳೀತಾರ, ಯಾರು ಹಿಂದ ಹೊಂಡ್ತಾರ ಅನ್ನೂದು.”

“ಹಂಗಾದ್ರ ನಾ ನಮ್ಮ ಮನ್ಯಾಕಿಗೆ ಅಟ್ಯಾಚ್ ಆಗೀನ್ರಿ” ಅಂದೆ. ಚಹಾ ನೆತ್ತಿಗೇರುವ ಹಾಗೆ ನಕ್ಕರು.

ಒಮ್ಮೆ ಹೈದರಾಬಾದಿನ ಗಿರಾಕಿಯೊಬ್ಬ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದ. ನಾನು ಬಿಜಾಗರಿ ತೋರಿಸಿ “ದಿಸ್ ಬೋಲ್ಟ್, ನೋ ವೆಲ್ಡ್” ಅಂದೆ. ಅಷ್ಟೇ. ಆತ “ಗುಡ್” ಅಂದ. ಆ ರಾತ್ರಿ ಮನೆಯಲ್ಲಿ ನಾನು ನಡೆದ ನಡಿಗೆಯೇ ಬೇರೆ. ಏಳನೇತ್ತಾದಲ್ಲಿ ಇಂಗ್ಲಿಷ್ ಪಿರಿಯಡ್ಡಿಗೆ ಅಂಜಿ ಕಿಡಕಿ ಹಾರಿ ಓಡಿದ ಹುಡುಗನನ್ನು ಗುರುಜಿ ಹೆಗಲ ಮೇಲೆ ಕೈಹಾಕಿ ವಾಪಸ್ ಕರೆತಂದು ಬೆಂಚಿನ ಮೇಲೆ ಕೂಡಿಸಿದ ಹಾಗೆ ಅನ್ನಿಸಿತು.

ಸಾಮಾನು ಕೂಡಿಸುವ ಶಬ್ದಗಳಿಗೆ ಹಲಗೆ ಸಾಕಾಗಿತ್ತು. ಮನುಷ್ಯರನ್ನು ಕೂಡಿಸುವ ಶಬ್ದಗಳೂ ಇದ್ದವಲ್ಲ, ಯುನೈಟ್, ರೆಕನ್ಸೈಲ್ ಅಂತ. ಅವುಗಳಿಗೆ ಏನು ಬಡಿಯುವುದು? “ಅದಕ್ಕ ಮಂದಿನ್ನೇ ತರಬೇಕ್ರಿ” ಅನ್ನುತ್ತಿದ್ದರು. ತರುತ್ತಲೂ ಇದ್ದರು. ಅವರ ಸಾಲಿಯ ಹಿಂದಿ ಮಾಸ್ತರರಿಗೂ ಡ್ರಿಲ್ ಮಾಸ್ತರರಿಗೂ ವರ್ಷಗಟ್ಟಲೆ ಮಾತಿರಲಿಲ್ಲವಂತೆ. ಯಾಕೆ ಅಂತ ಇಬ್ಬರಿಗೂ ಮರೆತುಹೋಗಿತ್ತು. ಗುರುಜಿ ಒಂದು ದಿನ ಉದ್ದನೆಯ ಬೆಂಚಿನ ಒಂದು ತುದಿ ಹಿಂದಿಯವರ ಕೈಗೆ, ಇನ್ನೊಂದು ತುದಿ ಡ್ರಿಲ್ಲಿನವರ ಕೈಗೆ ಕೊಟ್ಟು “ಜರಾ ಆ ಕೋಣಿಗೆ ಒಯ್ಯಿರಿ, ನನಗ ಸೊಂಟ ಹಿಡದದ” ಅಂದರಂತೆ. ನಡುವೆ ಒಂದು ತಿರುವು, ಮೂರು ಮೆಟ್ಟಿಲು.

“ಏನಾತ್ರೀ?” ಅಂದೆ.

“ಏನಾಗ್ತದ? ಬೆಂಚು ಬಾಗಲದಾಗ ಸಿಕ್ಕೊಂತು. ‘ನಿಮ್ಮ ಕಡಿ ಎತ್ರಿ’ ಅಂತ ಇಂವ ಅನ್ಲೇಬೇಕಾತು. ‘ಮೊದಲ ನೀವು ಹಿಂದ ಸರೀರಿ’ ಅಂತ ಅಂವ ಅನ್ಲೇಬೇಕಾತು. ಆ ಕೋಣಿ ಮುಟ್ಟೂದ್ರಾಗ ಇಬ್ಬರೂ ಕೂಡಿ ನನಗ ಬೈಲತ್ತಿದ್ರು.”

ಬಸ್ ಸ್ಟಾಪಿನಲ್ಲಿಯೂ ಅದೇ ಉದ್ಯೋಗ. ಗುರುತಿಲ್ಲದ ಇಬ್ಬರ ನಡುವೆ ನಿಂತು, “ಇವರು ಬಗದಲ್ ದವರು. ನಿಮ್ಮ ಅತ್ತಿ ಮನಿ ಬಗದಲ್ ಅಲ್ಲೇನ್ರಿ?” ಅಂದು ಎರಡು ತೋರುಬೆರಳುಗಳನ್ನು ಒಂದರ ಪಕ್ಕ ಒಂದು ಕೂಡಿಸಿ ತೋರಿಸುವರು. ಬಸ್ಸು ಬರುವುದರೊಳಗೆ ಅವರಿಬ್ಬರೂ ಒಬ್ಬರಿಗೊಬ್ಬರು ಅಡಿಕೆ ಕೊಡುತ್ತಿರುತ್ತಿದ್ದರು.

ಇಂಥ ಮನುಷ್ಯನಿಗೆ ನಾನು ಒಂದು ಸಲ ಕೇಳಿದೆ, “ಗುರುಜಿ, ನಿಮಗ ಅಣ್ತಮ್ಮಂದಿರು ಎಷ್ಟು ಮಂದ್ರಿ?”

ಅವರು ರೋಡಿನ ಕಡೆ ನೋಡಿದರು. “ಒಬ್ಬ ತಮ್ಮ ಅದಾನ್ರಿ. ಊರಾಗ. ಕುರಿ ಅವ, ಹೊಲ ಅದ.” ಬಸ್ಸು ಬಂದಿರಲಿಲ್ಲ, ಆದರೂ ಎದ್ದು ನಿಂತರು.

ರಿಟೈರ್ ಆದ ಮೇಲೆ ಅವರು ಔರಾದಿನ ಮನೆಗೆ ಹೋದರು. ಶೆಡ್ಡಿನ ಸಂಜೆಗಳು ನಿಂತವು. ಒಂದು ವರ್ಷ ಕಳೆದಿರಬೇಕು, ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಬಂದು ಕೂತರು. ಚಹಾ ತರಿಸಿದೆ. ಬಶಿಗೆ ಸುರಿದರು, ಕುಡಿಯಲಿಲ್ಲ. ಕೆನೆ ಕಟ್ಟಿತು.

“ಒಂದು ಕಬ್ಬಿಣದ ಜಾಳಿ ಬೇಕಾಗ್ಯದ್ರಿ ಮಿಸ್ತ್ರಿ.”

“ಕಿಡಕಿಗೇನ್ರಿ?”

“ಅಲ್ರಿ. ಅಂಗಳಕ್ಕ. ನಟ್ಟ ನಡಕ.”

ನಾನು ಕೇಳಲಿಲ್ಲ, ಅವರೇ ಹೇಳಿದರು. ಒಂದೇ ಅಂಗಳ, ಆಚೆ ತಮ್ಮನ ಸಂಸಾರ, ಈಚೆ ಇವರದು. ತಾಯಿ ಇರುವ ತನಕ ಆಕೆ ನಡುವೆ ಇದ್ದಳು, ನಡೆಯಿತು. ತಾಯಿ ಹೋದ ಮೇಲೆ ಕುರಿ ಹಿಕ್ಕೆ, ಮೇವಿನ ಕಸ, ನಸುಕಿನ ಗದ್ದಲ ಅಂತ ಸಣ್ಣ ಸಣ್ಣ ಮಾತು. ಒಂದು ದಿನ ನಾಲ್ಕು ಮಂದಿ ಬೀಗರ ಮುಂದೆ ಇವರ ಬಾಯಿಂದ ಒಂದು ಮಾತು ಹೊರಟಿತು.

“‘ನಿನಗ ಕುರಿ ತಿಳೀತಾವ, ಮನುಷ್ಯಾರು ತಿಳಿಯೂದಿಲ್ಲ’ ಅಂದುಬಿಟ್ಟೆ ಮಿಸ್ತ್ರಿ. ನನ್ನ ಸಾಲಿ ಕಲಸಾಕ ಕುರಿ ಹಿಂದ ತಿರುಗಿದಂವಗ.” ಅವರು ತಲೆ ಎತ್ತಲಿಲ್ಲ. “ಅಂವ ಏನಂದ ಗೊತ್ತೇನ್ರಿ? ‘ಹಂಗಾದ್ರ ಕುರಿಗೂ ಮನುಷ್ಯಾರಿಗೂ ನಡಕ ಒಂದು ಬೇಲಿ ಹಾಕು’ ಅಂದ.”

ಕ್ಷಮೆ ಕೇಳಿದರಂತೆ. ತಮ್ಮ ಒಪ್ಪಲಿಲ್ಲ. ಬೇಲಿ ಬೀಳದೆ ಒಂದು ತುತ್ತು ಉಣ್ಣುವುದಿಲ್ಲ ಅಂತ ಹಟ ಹಿಡಿದ. ಗೋಡೆ ಕಟ್ಟಿದರೆ ಮುಖ ಕಾಣುವುದಿಲ್ಲ ಅಂತ ಗುರುಜಿ ಜಾಳಿಗೆ ಬಂದಿದ್ದರು.

“ಆದ್ರ ಬೆಸಿಗಿ ಬ್ಯಾಡ್ರಿ. ಬೋಲ್ಟು ಸಾಕು. ಪಾನಾ ಹಾಕಿದ್ರ ಬಿಚ್ಚಿ ಬರಂಗಿರಲಿ. ತಮ್ಮಗೂ ಹೇಳೀನಿ, ಬೋಲ್ಟ್ ಹಾಕಸ್ತೀನಿ, ನಮ್ಮಿಬ್ಬರಾಗ ಯಾರಿಗೆ ಮೊದಲ ಮನಸಾಗ್ತದ ಅವರು ಬಿಚ್ಚೂದು ಅಂತ. ಅಷ್ಟಕ್ಕ ಹೂಂ ಅಂದಾನ.” ಆಮೇಲೆ ಸಣ್ಣ ದನಿಯಲ್ಲಿ, “ಫಾಸನ್. ನೆನಪದ ಅಲ್ರಿ?” ಅಂದರು.

“ಅದೇನ್ ಮರೀತೇನ್ರಿ?” ಅಂದೆ.

ಮರೆತಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಸುಡುವುದು. ತಿಳಿಯದೆ ಮಾಡಿದವನು ತಿಳಿಯಲಿಲ್ಲ ಅನ್ನಬಹುದು. ನನಗೆ ಅದರ ಹೆಸರು, ಗುಣ ಎರಡೂ ಕಲಿಸಿ ಕೊಟ್ಟಿದ್ದರು.

ಜಾಳಿ ಚಂದ ಆಗಿತ್ತು. ಟಂಟಂ ಗಾಡಿಯಲ್ಲಿ ಹೇರಿಕೊಂಡು ಔರಾದಿಗೆ ಹೋದೆ. ಬೇಕಾದೀತು ಅಂತ ಬೆಸೆಯುವ ಮಷೀನೂ ಗಾಡಿಯಲ್ಲಿತ್ತು, ಅದಿಲ್ಲದೆ ನಾನು ಎಲ್ಲಿಗೂ ಹೋಗುವವನಲ್ಲ. ತಮ್ಮ ಆ ಹೊತ್ತಿಗೆ ಕುರಿ ಹೊಡೆದುಕೊಂಡು ಅಡವಿಗೆ ಹೋಗಿದ್ದ. ಅವನ ಹೆಂಡತಿ ಒಳಗಿನಿಂದ ಬಾಗಿಲು ಮುಂದೆ ಮಾಡಿಕೊಂಡಿದ್ದಳು. ಗುರುಜಿಗೆ ನಿಂತು ನೋಡಲು ಆಗಲಿಲ್ಲ. “ನೀವು ನಡಸ್ರಿ, ಬಜಾರಕ್ಕ ಹೋಗಿ ಬರ್ತೇನಿ” ಅಂದು ಚಪ್ಪಲಿ ಮೆಟ್ಟಿದರು. ಏನೂ ತರುವುದಿರಲಿಲ್ಲ, ಚೀಲ ಒಯ್ದಿರಲಿಲ್ಲ.

ಎರಡೂ ಕಡೆ ಗೋಡೆಗೆ ಕ್ಲಾಂಪ್ ಕೂಡಿಸಿ ಬೋಲ್ಟು ಬಿಗಿದೆ. ಹಳೆಯ ಮಣ್ಣಿನ ಗೋಡೆ, ಸೊಟ್ಟ. ತೂತುಗಳನ್ನು ಸ್ವಲ್ಪ ಉದ್ದ ಮಾಡಬೇಕಾಯಿತು. ಅದಕ್ಕೆ ಜಾಳಿ ಎಷ್ಟು ಬಿಗಿದರೂ ಒಂದು ನೂಲಿನಷ್ಟು ಆಡುತ್ತಿತ್ತು. ಅಷ್ಟರಲ್ಲಿ ಓಣಿಯ ಮಂದಿ ತಮಾಷೆ ನೋಡಲು ಕೂಡಿದ್ದರು. ಪಕ್ಕದ ಮನೆಯ ಮುದುಕನೊಬ್ಬ ಬಂದು ಎರಡೂ ಕೈಯಿಂದ ಜಾಳಿ ಹಿಡಿದು ಅಲ್ಲಾಡಿಸಿದ. ಗಲಗಲ ಅಂತು.

“ಏನ್ ಮಿಸ್ತ್ರಿ, ಜಾಳಿ ಮಾಡೀಯೋ ತೊಟ್ಟಲಾ ಮಾಡೀಯೋ?”

ಮಂದಿ ನಕ್ಕಿತು. ಇನ್ನೊಬ್ಬ, “ಬೀದರದಿಂದ ಕರಸ್ಯಾರಪ್ಪೋ, ಗಿಲಗಿಚ್ಚಿ ತಂದಾನ” ಅಂದ.

ನನ್ನ ಕಿವಿ ಬಿಸಿಯಾದವು. ನನ್ನ ಕೆಲಸ ಅಲ್ಲಾಡುತ್ತದೆ ಅಂತ ನನ್ನ ಮುಖದ ಮುಂದೆ ಅಂದವರು ಅಲ್ಲಿಯ ತನಕ ಹುಟ್ಟಿರಲಿಲ್ಲ. ರಬ್ಬರಿನ ವಾಷರ್ ಎರಡು ಹಾಕಿದ್ದರೆ ಗಲಗಲ ನಿಲ್ಲುತ್ತಿತ್ತು. ಔರಾದ ಬಜಾರಿನಲ್ಲಿ ಅವು ಸಿಗುತ್ತಿದ್ದವು. ಗುರುಜಿಗೆ ಒಂದು ಫೋನ್ ಮಾಡಿದ್ದರೆ ಬರುವಾಗ ತರುತ್ತಿದ್ದರು. ಬರಿಗೈಯಲ್ಲಿ ತಿರುಗುತ್ತಿದ್ದ ಮನುಷ್ಯನಿಗೆ ಒಂದು ಕೆಲಸವಾದರೂ ಆಗುತ್ತಿತ್ತು. ನಾನು ಅದನ್ನು ಮಾಡಲಿಲ್ಲ. ಗಾಡಿಯಿಂದ ಮಷೀನ್ ಇಳಿಸಿದೆ, ತಂತಿ ಎಳೆದೆ, ಎಲ್ಲರೂ ನೋಡುತ್ತಿರುವಂತೆ ಬೋಲ್ಟಿನ ತಲೆ, ನಟ್ಟು, ಕ್ಲಾಂಪು ಎಲ್ಲ ಕರಗಿಸಿ ಒಂದು ಮಾಡಿದೆ. ಮೇಲಿಂದ ಕೆಳಗಿನ ತನಕ. ಒಂದನ್ನೂ ಬಿಡಲಿಲ್ಲ. “ಈಗ ಅಲ್ಲಾಡ್ಸು ಬಾ ಯಜಮಾನಾ” ಅಂದೆ. ಮುದುಕ ಜೋತುಬಿದ್ದ. ಜಾಳಿ ಮಿಸುಕಲಿಲ್ಲ. “ಭಲೇ” ಅಂದರು ಮಂದಿ. ನನ್ನ ಎದೆ ಉಬ್ಬಿತು. ನಿಜ ಹೇಳಬೇಕಲ್ಲ, ಉಬ್ಬಿತು.

ಗುರುಜಿ ಬಂದಾಗ ಬೆಸುಗೆ ಇನ್ನೂ ಬಿಸಿ ಇತ್ತು. ಅವರು ಹತ್ತಿರ ಹೋದರು. ಹೆಬ್ಬೆಟ್ಟು ಚಾಚಿದರು, ಬಿಸಿಗೆ ಹಿಂದಕ್ಕೆ ತೆಗೆದುಕೊಂಡರು. ನನ್ನ ಕಡೆ ನೋಡಿದರು. ನಾನು, “ಬೋಲ್ಟಿಗೆ ಅಲ್ಲಾಡ್ಲತ್ತಿತ್ರಿ ಗುರುಜಿ, ಮಂದಿ ನಗ್ಲತ್ತಿದ್ರು” ಅಂದೆ.

ಬೈಯಬೇಕಿತ್ತು. ಕೊಯ್ದು ಹಾಕು ಅನ್ನಬೇಕಿತ್ತು. ಅವರು ಸುತ್ತ ನಿಂತ ಮಂದಿಯನ್ನು ನೋಡಿದರು, ಮತ್ತೆ ನನ್ನ ನೋಡಿದರು. “ಚಲೋ ಬೆಸದೀರಿ” ಅಂದರು. ಆ ಮಂದಿಯ ಮುಂದೆ ನನ್ನ ಮಾನ ಕಾಯಲು ಹಾಗಂದರು ಅಂತ ನನಗೆ ಗೊತ್ತಾಗಲು ಬಹಳ ವರ್ಷ ಬೇಕಾದವು. ಆವತ್ತು ನಾನು ಅದನ್ನು ಮೆಚ್ಚುಗೆ ಅಂತಲೇ ತೆಗೆದುಕೊಂಡು ಗಾಡಿ ಹತ್ತಿದೆ.

ಮುಂದೆ ಒಂದು ಎಳ್ಳಮಾಸಿಯ ದಿನ, ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುವ ಎಳ್ಳ ಅಮಾವಾಸ್ಯೆ, ಅವರ ಫೋನ್ ಬಂತು. ಕಬ್ಬಿನ ಹಂಗಾಮು. ಶೆಡ್ಡಿನ ಮುಂದೆ ಟ್ರಾಲಿಗಳ ಸಾಲು, ಹಬ್ಬದ ದಿನವೂ ಗಿರಾಕಿಗಳು ತಲೆಯ ಮೇಲೆ ಕೂತಿದ್ದರು.

“ಮಿಸ್ತ್ರಿ, ಹೊಲಕ್ಕ ಹೋಗಿಲ್ಲೇನ್ರಿ ಭಜ್ಜಿ ಉಣ್ಣಾಕ?”

“ಎಲ್ಲೀದ್ರಿ ಗುರುಜಿ. ಸಾಯಾಕ ಪುರಸೊತ್ತಿಲ್ಲ.”

“ಹೌದ್ರಿ. ಅಲ್ಲಾ, ಎಂದಾರ ಈ ಕಡಿ ಬಂದ್ರ... ನಿಮ್ಮ ಕೊಯ್ಯೋ ಮಷೀನು...” ಅಂದು ನಿಂತರು.

“ಏನ್ರಿ?”

“ಏನಿಲ್ಲ ಬಿಡ್ರಿ. ನಿಮ್ಮ ಕೆಲಸ ನೋಡ್ಕೋರಿ.”

“ಆತ್ರಿ, ಹಂಗಾಮು ಮುಗೀಲಿ, ಬರ್ತೇನಿ” ಅಂದು ಇಟ್ಟೆ. ಹಂಗಾಮು ಮುಗಿಯಿತು. ಇನ್ನೊಂದು ಬಂತು, ಅದೂ ಮುಗಿಯಿತು. ಹೋಗಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಈ ಸಲ ಅವರು ತೀರಿಕೊಂಡ ಸುದ್ದಿಯೇ ಬಂತು. ಮಣ್ಣಿಗೆ ಹೋಗಲು ಆಗಲಿಲ್ಲ, ನನಗೆ ತಿಳಿಯುವುದರೊಳಗೆ ಎಲ್ಲ ಮುಗಿದಿತ್ತು. ಮರುದಿನ ಮಾತಾಡಿಸಿ ಬರಲು ಹೋದೆ. ಗುರುಜಿಯ ಹೆಂಡತಿ ಒಳಗೆ ಹೆಂಗಸರ ನಡುವೆ ಕೂತಿದ್ದರು. ನಾನು ಕೈಮುಗಿದು ಅಂಗಳಕ್ಕೆ ಬಂದು ಗೋಡೆಗಾತು ಕೂತೆ. ಎದುರಿಗೆ ಜಾಳಿ. ಬಣ್ಣ ಹೋಗಿತ್ತು, ಬೆಸುಗೆ ಹೋಗಿರಲಿಲ್ಲ. ಆಚೆ ಬದಿಗೆ ಕಂಬಳಿ ಹೊದ್ದು ಒಬ್ಬ ಕೂತಿದ್ದ. ಮುಖ ಗುರುಜಿಯದೇ, ಬಿಸಿಲಿನಲ್ಲಿ ಇಟ್ಟು ಒಣಗಿಸಿದ ಹಾಗೆ.

“ಜಾಳಿ ಮಾಡಿದ ಮಿಸ್ತ್ರಿ ನೀನೇ ಏನು?”

“ಹೌದ್ರಿ.”

“ಭಾರಿ ಬೆಸದೀಯಪ್ಪಾ.” ಮೆಚ್ಚಿ ಹೇಳಿದ್ದಲ್ಲ. “ನಮ್ಮಣ್ಣ ಬೋಲ್ಟ್ ಹಾಕಸ್ತೀನಿ ಅಂದಿದ್ದ. ಮಾಸ್ತರ ಮಾತು ಅಂತ ನಾ ನಂಬಿದ್ದೆ. ಹಾಕಿದ ದಿನ ಸಿಟ್ಟಿನಾಗ ಇದರ ಸಮೀಪ ಬರಲಿಲ್ಲ, ನೋಡಲಿಲ್ಲ. ಎಳ್ಳಮಾಸಿ ದಿನ ಮನಸು ತಡೀಲಿಲ್ಲ. ವರ್ಷದ ಹಬ್ಬ, ಅಣ್ಣನ ಬಿಟ್ಟು ಹೊಲದಾಗ ಹ್ಯಾಂಗ ಉಣ್ಲಿ? ನಸುಕಿನಾಗ ಟ್ರ್ಯಾಕ್ಟರದ ಪಾನಾ ತಗೊಂಡು ಬಂದೆ. ಕೈಯಾಡಸ್ತೀನಿ, ಬೋಲ್ಟಿನ ತಲಿನೇ ಇಲ್ಲ. ಎಲ್ಲಾ ಒಂದೇ ಗಡ್ಡಿ. ಆಗ ತಿಳೀತು, ಅಂವ ಬಾಯಾಗ ಬೋಲ್ಟ್ ಅಂದ, ಮನಸಿನಾಗ ಬೆಸಿಗಿ ಇಟ್ಟಿದ್ದ. ಪಾನಾ ಒಯ್ದು ಒಗದೆ. ಅವತ್ತಿಂದ ಈ ಜಾಳಿ ಕಡಿ ಮುಖ ಮಾಡಿ ಕುಂತದ್ದು ಇವತ್ತೇ.”

ಎಳ್ಳಮಾಸಿ. ಫೋನು. ಕೊಯ್ಯೋ ಮಷೀನು.

ಸುಮ್ಮನಿರಬಹುದಿತ್ತು. ಸತ್ತವರು ಎದ್ದು ಬಂದು ಹೇಳುತ್ತಿರಲಿಲ್ಲ. ಆವತ್ತು ಜಾಳಿಗೆ ಜೋತುಬಿದ್ದಿದ್ದ ಮುದುಕನೂ ಅಲ್ಲೇ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ, ಆತನೂ ಬಾಯಿ ಬಿಡಲಿಲ್ಲ. ನಾನು ಸುಮ್ಮನಾದರೆ ಮಾತು ತಪ್ಪಿದವನೆಂಬ ಹೆಸರು ಗುರುಜಿಯ ಮೇಲೆಯೇ ಉಳಿಯುತ್ತಿತ್ತು, ಅದೂ ಈ ಒಬ್ಬ ಮನುಷ್ಯನ ಮನಸ್ಸಿನಲ್ಲಿ. ಗುರುಜಿಗೆ ಬೇಕಾಗಿದ್ದದ್ದು ಇದೊಂದೇ ಮನಸ್ಸು.

“ಅವರು ಹಾಕ್ಸಿಲ್ರಿ” ಅಂದೆ. “ಗುರುಜಿ ಬೋಲ್ಟೇ ಅಂದಿದ್ರು. ಬೋಲ್ಟೇ ಹಾಕಿದ್ದೆ. ಅವರು ಬಜಾರಕ್ಕ ಹೋಗಿದ್ರು. ಅಲ್ಲಾಡ್ತದ ಅಂತ ಮಂದಿ ನಕ್ಕಿತು, ನನಗ ತಡೀಲಿಲ್ಲ. ನಾನೇ ಬೆಸದೆ. ಅವರಿಗೆ ಕೇಳಲಾರದ ಬೆಸದೆ.”

ಅವನು ಕಂಬಳಿ ಸರಿಸಿ ಜಾಳಿಯ ಹತ್ತಿರ ಬಂದ.

“ಮತ್ತ ಅಂವ ಯಾಕ ಹೇಳಲಿಲ್ಲ?”

ಒಳಗಿನಿಂದ ಗುರುಜಿಯ ಹೆಂಡತಿ ಬಂದು ಬಾಗಿಲಲ್ಲಿ ನಿಂತಿದ್ದರು. ಮೈದುನನಿಗೆ ನೇರ ಮಾತಾಡಿ ಎಷ್ಟೋ ಕಾಲವಾಗಿತ್ತು, ಆಕೆ ನನ್ನ ಕಡೆ ನೋಡಿಯೇ ಹೇಳಿದರು.

“ಆ ನಸುಕಿನಾಗ ನಾ ಒಲಿ ಮುಂದ ಇದ್ದೆ. ಪಾನಾ ಹಿಡದು ಬಂದದ್ದು ಕಂಡೆ. ‘ತಮ್ಮ ಬಂದಾನ, ಏಳ್ರಿ, ಕರೀರಿ’ ಅಂದೆ. ಇವರು ಎದ್ದು ಬಾಗಲ ತನಕ ಬಂದ್ರು. ಬಂದು ನಿಂತ್ರು. ‘ಏನಂತ ಕರೀಲಿ, ಮಿಸ್ತ್ರಿ ಬೆಸದಾನ ಅಂದ್ರ ಮತ್ತೊಬ್ಬನ ಮ್ಯಾಲ ಹಾಕಿದಂಗ ಆಗ್ತದ, ಮೊದಲ ಮಾತು ಆಡಿದಂವ ನಾನೇ’ ಅಂದ್ರು. ನಾಚಿಕಿ ಅವರಿಗೆ. ಹಂಗೇ ನಿಂತ್ರು. ಅಷ್ಟ್ರಾಗ ಹೋಗಿಬಿಟ್ಟಿದ್ದ.” ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಹೋಗ್ಲಿ. ಬೆಸಿಗಿ ಒಂದು ನೆವ ಆತು. ಬಿಚ್ಚಾಕ ಬರೂದಿಲ್ಲಂತ ಇಬ್ಬರೂ ಕುಂತ್ರು. ಓಣಿ ಸುತ್ತಿ ಬಂದಿದ್ರ ಬಾಗಲಾ ಇತ್ತಲ್ಲ.”

ನನ್ನ ಹೊರೆ ಇಳಿಸಲು ಹೇಳಿದ ಮಾತಿರಬೇಕು. ಇಳಿಯಲಿಲ್ಲ. ಕಲಿಸಿದ ಮನುಷ್ಯ ನನ್ನ ತಪ್ಪನ್ನು ತನ್ನ ಹೆಸರಿನ ಮೇಲೆ ಹೊತ್ತುಕೊಂಡು ಹೋಗಿದ್ದ, ಅದೂ ನನಗೆ ತಿಳಿಯದ ಹಾಗೆ.

“ಗಾಡ್ಯಾಗ ಕಟರ್ ಅದ್ರಿ” ಅಂದೆ. “ಈಗೇ ಕೊಯ್ದು ಹಾಕ್ತೇನಿ. ಒಂದು ಗಳಿಗಿ ಕೆಲಸ.”

“ಬ್ಯಾಡ” ಅಂದ ತಮ್ಮ. ಕಂಬಿಗೆ ಹಣೆ ಹಚ್ಚಿದ್ದ, ಮಾತು ಕಬ್ಬಿಣದೊಳಗಿಂದ ಬಂದ ಹಾಗಿತ್ತು. “ಇಷ್ಟು ವರ್ಷ ಅಂವನ ಮ್ಯಾಲ ಸಿಟ್ಟು ಇಟ್ಟು ಬದುಕೀನಿ. ನಿನ್ನೆ ಕುಣಿಗಿ ಮಣ್ಣು ಹಾಕೂ ಮುಂದೂ ಸಿಟ್ಟೇ ಇತ್ತು. ಒಂದು ಹನಿ ಬರಲಿಲ್ಲ ಕಣ್ಣಾಗ. ಮಂದಿ ನೋಡ್ಲತ್ತಿದ್ರು, ಇವನೆಂಥಾ ತಮ್ಮಾ ಅಂತ.” ಉಸಿರು ಎಳೆದುಕೊಂಡ. “ನೀ ಹೋಗು ಮಿಸ್ತ್ರಿ. ನಾ ಇನ್ನಾ ಅತ್ತಿಲ್ಲ ಅಂವಗ. ನೀ ಇದ್ರ ಆಗೂದಿಲ್ಲ.”

ಎದ್ದೆ. ಹೊಸ್ತಿಲು ದಾಟುವಾಗ ಹಿಂದಿನಿಂದ ಅಳುವ ದನಿ ಶುರುವಾಯಿತು, ಮೊದಲು ಅವನದು, ಆಮೇಲೆ ಈಚೆಯಿಂದ ಅತ್ತಿಗೆಯದು. ನಾನು ತಿರುಗಿ ನೋಡಲಿಲ್ಲ. ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೇನಿ’ ಅಂತ ಹೇಳಿ ಬರುವ ಪದ್ಧತಿ ನಮ್ಮ ಕಡೆ ಇಲ್ಲ. ಆವತ್ತು ಆ ಪದ್ಧತಿಯೊಂದು ನನ್ನ ಮಾನ ಕಾಯಿತು. ಹೇಳುವಂಥ ಮುಖ ನನಗೆ ಇರಲಿಲ್ಲ.